ಅಡಿ ಲೆಕ್ಕಕ್ಕೆ ಸಿಗದ ಜೋಜಿ ಲಾ

ಲಡಾಖ್‌ಗೆ ಬೈಕಿನಲ್ಲಿ ಹೋಗಿಬಂದವರನ್ನು ಮಾತಿಗೆಳೆದು ನೋಡಿ, ಮೊದಲು ಹೊರಬೀಳುವುದು ಅಡಿಗಳ ಲೆಕ್ಕ. ಖಾರ್ದುಂಗ್ ಲಾ ಇಷ್ಟು, ತಂಗ್ಲಾಂಗ್ ಲಾ ಇಷ್ಟು, ಚಾಂಗ್ ಲಾ ಇಷ್ಟು ಎಂದು ಬೆರಳು ಮಡಚಿ ಎಣಿಸುತ್ತಾರೆ. ಖಾರ್ದುಂಗ್ ಲಾದ ನೆತ್ತಿಯಲ್ಲಿ ಬಹುಕಾಲ ನಿಂತಿದ್ದ ಫಲಕ 18,380 ಅಡಿ ಎಂದು ಸಾರುತ್ತಿತ್ತು. ಉಪಗ್ರಹದ ನೆರವಿನಿಂದ ಅಳೆದವರು ಅದನ್ನು ಸುಮಾರು 17,582 ಅಡಿಗೆ ಇಳಿಸಿದರು. ಎಂಟುನೂರು ಅಡಿ ಕಡಿಮೆಯಾದರೂ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲು ಕರಗಲಿಲ್ಲ. 2021ರಲ್ಲಿ 19,024 ಅಡಿ ಎತ್ತರದ ಉಮ್ಲಿಂಗ್ ಲಾ ರಸ್ತೆ ಗಿನ್ನೆಸ್ ದಾಖಲೆಗೆ ಸೇರಿದ ಮೇಲೆ ಸವಾರರ ಹೊಸ ದಂಡು ಅತ್ತ ಹೊರಟಿತು.

ಈ ಪಟ್ಟಿಯಲ್ಲಿ ಜೋಜಿ ಲಾದ ಹೆಸರು ತಳದಲ್ಲೆಲ್ಲೋ ಇರುತ್ತದೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 1ರಲ್ಲಿ, ಶ್ರೀನಗರದಿಂದ ಸುಮಾರು ನೂರು ಕಿಲೊಮೀಟರ್ ದೂರದಲ್ಲಿರುವ ಈ ಘಾಟಿಯ ಎತ್ತರ 11,575 ಅಡಿ, ಎಂದರೆ 3,528 ಮೀಟರ್. ಲೇಹ್ ಪಟ್ಟಣವೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಎತ್ತರದ ಬೆನ್ನು ಹತ್ತಿದವರಿಗೆ ಜೋಜಿ ಲಾ ಒಂದು ಪೀಠಿಕೆ ಮಾತ್ರ, ಬೇಗ ದಾಟಿ ಮುಂದೆ ಹೋಗಬೇಕಾದ ಜಾಗ.

ಇದೇ ಮಾತನ್ನು ಘಾಟಿಯ ಕಾಶ್ಮೀರದ ಬದಿಯ ಊರಾದ ಸೋನಮಾರ್ಗ್‌ನಲ್ಲಿ ಸಾಲುಗಟ್ಟಿ ನಿಂತ ಟ್ರಕ್ ಚಾಲಕರ ಮುಂದೆ ಆಡಿದರೆ ಅವರು ನಗುತ್ತಾರೆ. ಜೋಜಿ ಲಾಕ್ಕಿಂತ ಆರು ಸಾವಿರ ಅಡಿ ಮೇಲಿರುವ ಖಾರ್ದುಂಗ್ ಲಾ ನಡುಚಳಿಗಾಲದಲ್ಲೂ ಬಹುಪಾಲು ದಿನ ತೆರೆದಿರುತ್ತದೆ. ಮುಚ್ಚಿಹೋಗುವುದು ತಗ್ಗಿನಲ್ಲಿರುವ ಜೋಜಿ ಲಾ. ಕೆಲವು ವರ್ಷಗಳ ಹಿಂದಿನವರೆಗೂ ನವೆಂಬರ್–ಡಿಸೆಂಬರ್‌ನಲ್ಲಿ ಮುಚ್ಚಿದರೆ ಏಪ್ರಿಲ್ ದಾಟಿದ ಮೇಲೆಯೇ ಬಾಗಿಲು ತೆಗೆಯುತ್ತಿತ್ತು. ಅಕ್ಟೋಬರ್ ಕೊನೆಯ ಭಾಗದಲ್ಲಿ, ಮೊದಲ ಹಿಮ ಬಿದ್ದ ಬೆನ್ನಿಗೇ, ಒಬ್ಬನೇ ಈ ಘಾಟಿ ದಾಟಿದ ಮೇಲೆ ನನಗೆ ಖಚಿತವಾದದ್ದು ಇದು: ಬೈಕ್ ಸವಾರನನ್ನು ಬೀಳಿಸುವ ಶಕ್ತಿ ಎತ್ತರಕ್ಕಿಂತ ತೇವಕ್ಕೆ ಹೆಚ್ಚು. ಆ ತೇವ ಎಲ್ಲಿ ಹರಿಯುತ್ತದೆ, ಎಲ್ಲಿ ನೆರಳು ಬೀಳುತ್ತದೆ, ಗಡಿಯಾರ ಎಷ್ಟು ತೋರಿಸುತ್ತಿದೆ ಎಂಬ ಮೂರು ಸಂಗತಿ ತಿಳಿದವನಿಗೆ ಘಾಟಿ ದಾರಿ ಬಿಡುತ್ತದೆ.

ತೇವದ ಬಾಗಿಲು

ನಮ್ಮ ಘಟ್ಟಗಳಿಗೆ ಮಳೆ ಹೊತ್ತು ತರುವುದು ನೈಋತ್ಯ ಮುಂಗಾರು. ಕಾಶ್ಮೀರದ ಚಳಿಗಾಲಕ್ಕೆ ಹಿಮ ತರುವ ಗಾಳಿಯೇ ಬೇರೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಗಾನಿಸ್ತಾನಗಳ ಮೇಲೆ ಹಾದು ಬರುವ ಈ ಮಾರುತಗಳನ್ನು ಹವಾಮಾನ ಇಲಾಖೆ ಪಶ್ಚಿಮದ ಅಡಚಣೆ ಎಂದು ಕರೆಯುತ್ತದೆ. ಅವು ತಂದ ತೇವವೆಲ್ಲ ಮಹಾ ಹಿಮಾಲಯದ ಗೋಡೆಗೆ ಬಡಿದು ಕಾಶ್ಮೀರದ ಬದಿಯಲ್ಲಿ ಹಿಮವಾಗಿ ಸುರಿಯುತ್ತದೆ. ಗೋಡೆಯ ಆಚೆಗಿರುವ ಲಡಾಖ್ ಮಳೆನೆರಳಿನ ನಾಡು, ಒಣ ಮರುಭೂಮಿ. ಅಲ್ಲಿ ಚಳಿ ಎಷ್ಟೇ ಕಡಿದರೂ ಬೀಳುವ ಹಿಮ ಕಡಿಮೆ. ಖಾರ್ದುಂಗ್ ಲಾ ಇರುವುದು ಆ ಒಣನಾಡಿನ ಒಳಗೆ. ಜೋಜಿ ಲಾ ಇರುವುದು ಗೋಡೆಯಲ್ಲೇ, ಗೋಡೆ ತಗ್ಗಾದ ಕಡೆ. ತೇವ ಹೊತ್ತ ಗಾಳಿ ನುಗ್ಗುವುದೂ ಅಲ್ಲಿಂದಲೇ, ಹಿಮ ಕೂಡಿಬೀಳುವುದೂ ಅಲ್ಲಿಯೇ. ವಸಂತದಲ್ಲಿ ಹಿಮ ಕಡಿದು ರಸ್ತೆ ತೆಗೆದಾಗ ಎರಡೂ ಕಡೆ ಮೂವತ್ತು, ನಲವತ್ತು ಅಡಿ ಎತ್ತರದ ಬಿಳಿ ಗೋಡೆಗಳು ಏಳುತ್ತವೆ.

ಘಾಟಿಯ ಎರಡು ಬದಿಗಳಿಗೂ ಒಂದಕ್ಕೊಂದು ಹೋಲಿಕೆಯಿಲ್ಲ. ಪಶ್ಚಿಮಕ್ಕೆ ಸಿಂಧ್ ಎಂಬ ಹೊಳೆಯ ಕಣಿವೆ, ಪೈನ್ ಮರಗಳು, ಹಸಿರು. ಹೆಸರು ಕೇಳಿ ಇದನ್ನು ಸಿಂಧೂ ನದಿ ಎಂದುಕೊಳ್ಳುವವರಿದ್ದಾರೆ. ಇದು ಝೇಲಂ ಸೇರುವ ಬೇರೆ ಹೊಳೆ. ಪೂರ್ವಕ್ಕೆ ಹರಿಯುವ ನೀರು ದ್ರಾಸ್ ಹೊಳೆಯಾಗಿ, ಸುರು ಸೇರಿ, ಸಿಂಧೂ ನದಿಯನ್ನು ಕೂಡುತ್ತದೆ. ಆ ಬದಿಯಲ್ಲಿ ಮರವೆಂಬುದೇ ಇಲ್ಲ. ಏರಿನಲ್ಲೂ ಹೀಗೆಯೇ. ಕಾಶ್ಮೀರದ ಬದಿಯ ಬುಡದಲ್ಲಿರುವ ಬಾಲ್ಟಾಲ್ ಕಡೆಯಿಂದ ರಸ್ತೆ ಕಡಿದಾದ ಬಂಡೆಗೋಡೆಯನ್ನು ಹಿಡಿದು ಹತ್ತುತ್ತದೆ. ಮೇಲೆ ತಲುಪಿದ ಮೇಲೆ ಇಳಿಜಾರೇ ಇಲ್ಲವೆನಿಸುವಷ್ಟು ಸಪಾಟು. ತುದಿ ಯಾವುದು ಎಂದು ಗುರುತಿಸುವುದೇ ಕಷ್ಟ.

ಚೀಲದಲ್ಲಿ ಏನಿತ್ತು

ಬೆಂಗಳೂರಿನಿಂದ ಶ್ರೀನಗರಕ್ಕೆ ರಸ್ತೆಯಲ್ಲಿ ಸುಮಾರು 3,000 ಕಿಲೊಮೀಟರ್. ರಜೆ ಹೆಚ್ಚಿಲ್ಲದ ನನ್ನಂಥವರು ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಉತ್ತರಕ್ಕೆ ಕಳಿಸಿ, ಅಲ್ಲಿಂದ ಮುಂದೆ ಓಡಿಸುತ್ತಾರೆ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿದು, ಗೋಣಿ ಸುತ್ತಿ ಕೊಡಬೇಕು. ಲಡಾಖ್‌ನ ಹೊರಗೆ ಬಾಡಿಗೆಗೆ ಪಡೆದ ಬೈಕುಗಳನ್ನು ಅಲ್ಲಿನ ಬಾಡಿಗೆ ಬೈಕುಗಳ ಒಕ್ಕೂಟದವರು ಸುತ್ತಾಡಲು ಬಿಡುವುದಿಲ್ಲ. ಹೀಗಾಗಿ ಸ್ವಂತ ಬೈಕೇ ವಾಸಿ. ನನ್ನದು 411 ಸಿಸಿಯ ಹಿಮಾಲಯನ್. ತೂಕ ಸುಮಾರು 200 ಕಿಲೊ, ಅದರ ಮೇಲೆ ಸಾಮಾನು.

ಎತ್ತರದ ಬಗ್ಗೆ ಬೈಕಿಗೆ ಹೆಚ್ಚು ಚಿಂತೆಯಿಲ್ಲ. ಜೋಜಿ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟಿರುತ್ತದೆ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣಕ್ಕೆ ಕುಗ್ಗುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಜೆಟ್ ಬದಲಿಸಿ, ಸ್ಕ್ರೂ ತಿರುಗಿಸಿ ಒದ್ದಾಡಬೇಕಿತ್ತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಳಿ ತೆಳುವಾದಂತೆ ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಸವಾರನ ದೇಹಕ್ಕೂ ಈ ದಾರಿ ದಯೆ ತೋರುತ್ತದೆ. ಮನಾಲಿ ಕಡೆಯಿಂದ ಲೇಹ್‌ಗೆ ಹೋಗುವವರು ಹದಿನಾರು, ಹದಿನೇಳು ಸಾವಿರ ಅಡಿಯ ಘಾಟಿಗಳನ್ನು ಒಂದರ ಹಿಂದೊಂದು ಹತ್ತಿ ತಲೆನೋವಿನಲ್ಲಿ ಒದ್ದಾಡುತ್ತಾರೆ. ಶ್ರೀನಗರ 1,585 ಮೀಟರ್, ಕಾರ್ಗಿಲ್ ಸುಮಾರು 2,700, ಲೇಹ್ 3,500. ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ರಕ್ತ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ನಾನು ತಲೆ ಕೆಡಿಸಿಕೊಂಡದ್ದು ಟೈರು ಮತ್ತು ಕೈಬೆರಳುಗಳ ಬಗ್ಗೆ. ಚಳಿಗೆ ರಬ್ಬರ್ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ನೆಲ ಹಿಡಿಯುವುದಿಲ್ಲ. ಟೈರು ನೆಲ ಮುಟ್ಟುವ ಜಾಗವೇ ಅಂಗೈ ಅಗಲ. ಗಾಳಿಯನ್ನು ಸ್ವಲ್ಪ ಇಳಿಸಿದರೆ ಆ ಅಂಗೈ ತುಸು ಅಗಲವಾಗುತ್ತದೆ. ಸಾಮಾನನ್ನು ಸೀಟಿನ ಮೇಲೆ ಗೋಪುರ ಕಟ್ಟದೆ ಎರಡೂ ಬದಿಗೆ ತಗ್ಗಿನಲ್ಲಿ ಹಂಚಿದೆ. ಭಾರ ಮೇಲಿದ್ದಷ್ಟೂ ಜಾರಿದ ಬೈಕನ್ನು ಹಿಡಿದು ನಿಲ್ಲಿಸುವುದು ಕಷ್ಟ. ಬೆರಳುಗಳಿಗೆ ಉಣ್ಣೆಯ ಗ್ಲೌಸ್, ಅದರ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರ್. ನೋಡಲು ಚೆಂದವಿಲ್ಲ, ಒಳಗೆ ಒಣಗಿರುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಹಿಡಿದೆವು ಎಂಬುದೇ ತಿಳಿಯುವುದಿಲ್ಲ. ಮಂಜುಗಡ್ಡೆಯ ಮೇಲೆ ಅಷ್ಟು ಸಾಕು, ಬೈಕು ಮಲಗಲು.

ಸೋನಮಾರ್ಗ್‌ನಲ್ಲಿ ಕಾಯುತ್ತ

2025ರ ಜನವರಿ 13ರಂದು ಉದ್ಘಾಟನೆಯಾದ ಆರೂವರೆ ಕಿಲೊಮೀಟರ್ ಉದ್ದದ ಸುರಂಗ ಈಗ ಸೋನಮಾರ್ಗ್‌ಗೆ ವರ್ಷವಿಡೀ ದಾರಿ ತೆರೆದಿದೆ. ಜೆಡ್ ಅಕ್ಷರದಂತೆ ತಿರುಚಿಕೊಂಡಿದ್ದ ಹಳೆಯ ಹಿಮಪಾತದ ದಾರಿ ತಪ್ಪಿದೆ. ಸುರಂಗದಿಂದ ಹೊರಬಿದ್ದರೆ ಎದುರಿಗೇ ಹಿಮದ ಶಿಖರಗಳು. ಊರು ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎಷ್ಟೋ ಮೇಲಿದೆ. ಅಕ್ಟೋಬರ್ ಕೊನೆಗೆ ಪ್ರವಾಸಿಗರ ಗದ್ದಲ ಇಳಿದಿತ್ತು. ಉಳಿದದ್ದು ಟ್ರಕ್ಕುಗಳ ಸಾಲು. ಅಡುಗೆ ಅನಿಲ, ಡೀಸೆಲ್, ಅಕ್ಕಿ, ಈರುಳ್ಳಿ, ಸಿಮೆಂಟು, ಸೇನೆಯ ಸಾಮಾನು. ಘಾಟಿ ಮುಚ್ಚುವ ಮುಂಚೆ ಲಡಾಖ್‌ನ ಚಳಿಗಾಲಕ್ಕೆ ಬೇಕಾದದ್ದೆಲ್ಲ ಆಚೆ ತಲುಪಬೇಕು. ಆಮೇಲೆ ಉಳಿಯುವುದು ವಿಮಾನವೊಂದೇ.

ಜೋಜಿ ಲಾದಲ್ಲಿ ಸಂಚಾರಕ್ಕೆ ಗಂಟೆ ಕಟ್ಟಿದ್ದಾರೆ. ಒಂದು ಹೊತ್ತು ಸೋನಮಾರ್ಗ್ ಕಡೆಯ ವಾಹನಗಳು ಹತ್ತುತ್ತವೆ, ಇನ್ನೊಂದು ಹೊತ್ತು ಆಚೆ ಬದಿಯ ಮೀನಾಮಾರ್ಗ್ ಕಡೆಯವು ಇಳಿಯುತ್ತವೆ. ಎರಡು ಟ್ರಕ್ಕುಗಳು ಎದುರಾದರೆ ಒಂದು ಕಣಿವೆಗೆ ಇಣುಕಬೇಕಾದ ಜಾಗಗಳಿವೆ. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನಕ್ಕೆ ಮಾತ್ರ ಅನುಮತಿ. ಬೈಕಿಗೆ ಸರಪಳಿ ಎಲ್ಲಿಂದ ತರುವುದು? ಸಂಚಾರ ಪೊಲೀಸರು ಕೈ ಅಡ್ಡ ಹಾಕಿ, ‘ನಾಳೆ ನೋಡೋಣ’ ಎಂದರು. ವಾದ ಮಾಡುವ ಮಾತೇ ಇರಲಿಲ್ಲ.

ರಸ್ತೆಬದಿಯ ಹೋಟೆಲಿನಲ್ಲಿ ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಕುಡಿಯುತ್ತ ಕೂತೆ. ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಕಾಶ್ಮೀರಿ ಚಾಲಕರು ಬೈಕಿನ ಕಡೆ ನೋಡಿ, ‘ಒಬ್ಬರೇನಾ ಭಾಯಿ?’ ಎಂದರು. ಹೌದೆಂದೆ. ‘ಹಾಗಾದರೆ ಬೆಳಿಗ್ಗೆ ಮೊದಲನೆಯವರಾಗಿ ಹೋಗಬೇಡಿ, ಸಂಜೆ ಕೊನೆಯವರಾಗಿಯೂ ಹೋಗಬೇಡಿ. ಬಿಸಿಲು ರಸ್ತೆ ಮುಟ್ಟಿದ ಮೇಲೆ, ಯಾವುದಾದರೂ ಟ್ರಕ್ಕಿಗೆ ಕಾಣುವಷ್ಟು ದೂರದಲ್ಲಿ ಹೋಗಿ.’ ಇಂಥ ಮಾತು ಬೈಕಿನ ಜೊತೆ ಬರುವ ಕೈಪಿಡಿಯಲ್ಲಿ ಸಿಗುವುದಿಲ್ಲ.

ಹಿಂದಿನ ಕಾಲದಲ್ಲಿ ಲೆಕ್ಕ ಇದಕ್ಕೆ ತಿರುಗುಮುರುಗಾಗಿತ್ತು. ಶತಮಾನಗಳಿಂದ ಜೋಜಿ ಲಾ ಕಾಶ್ಮೀರ, ಲಡಾಖ್, ಟಿಬೆಟ್ ನಡುವಿನ ವ್ಯಾಪಾರದ ದಾರಿ. 1715ರಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿ ಇಪ್ಪೊಲಿಟೊ ದೆಸಿದೇರಿ ಲ್ಹಾಸಾದತ್ತ ಹೊರಟಾಗ ಹಿಡಿದದ್ದೂ ಇದೇ ಘಾಟಿಯನ್ನು. ಹಿಮದ ಕಾಲದಲ್ಲಿ ದಾಟುವ ಕಾಲ್ನಡಿಗೆಯವರು, ಹೊರೆಯಾಳುಗಳು ಮಧ್ಯರಾತ್ರಿ ಎದ್ದು ಹೊರಡುತ್ತಿದ್ದರು. ಇರುಳಿನ ಚಳಿಗೆ ಹಿಮ ಗಟ್ಟಿಯಾಗಿ ಕಾಲು ಹೂಳುತ್ತಿರಲಿಲ್ಲ, ಮೇಲಿನಿಂದ ಹಿಮ ಕುಸಿದು ಬೀಳುವ ಭಯವೂ ಕಡಿಮೆ. ಬಿಸಿಲೇರುವ ಮೊದಲೇ ಆಚೆ ದಡ ಸೇರುತ್ತಿದ್ದರು. ಕಾಲಿಗೆ ಗಟ್ಟಿ ಹಿಮ ಬೇಕು, ಚಕ್ರಕ್ಕೆ ಕರಗಿದ ರಸ್ತೆ ಬೇಕು. ಘಾಟಿ ಅದೇ, ಸುರಕ್ಷಿತ ಗಂಟೆ ಮಾತ್ರ ಬೇರೆ.

ನಾಲೆಗಳ ನೆರಳಿನಲ್ಲಿ

ಮರುದಿನ ಆಕಾಶ ತಿಳಿಯಾಗಿತ್ತು. ಟ್ರಕ್ಕುಗಳ ಮೊದಲ ಗುಂಪು ಹೋಗಲು ಬಿಟ್ಟು, ಬಿಸಿಲು ಎದುರಿನ ಗೋಡೆಯಿಂದ ರಸ್ತೆಗೆ ಇಳಿಯುವವರೆಗೂ ಕಾದು ಹೊರಟೆ. ಕೆಳಗೆ ಬಾಲ್ಟಾಲ್‌ನ ಬಯಲು ಬರಿದಾಗಿತ್ತು. ಅಮರನಾಥ ಯಾತ್ರೆಯ ದಿನಗಳಲ್ಲಿ ಅಲ್ಲಿ ಡೇರೆಗಳ ಊರೇ ಎದ್ದಿರುತ್ತದೆ. ಏರು ಶುರುವಾದಂತೆ ಡಾಂಬರು ತುಂಡುತುಂಡಾಯಿತು. ಉಳಿದದ್ದು ಕಲ್ಲು, ಕೆಸರು, ಟ್ರಕ್ಕುಗಳು ಉತ್ತ ಎರಡು ಗಾಡಿಜಾಡು. ಬಿಸಿಲಿದ್ದ ಕಡೆ ಕೆಸರು ಮೆತ್ತಗಿತ್ತು, ಬೈಕು ಕುಣಿಯುತ್ತಲೇ ಹತ್ತಿತು.

ಜೋಜಿ ಲಾದ ಕಷ್ಟ ಕೂತಿರುವುದು ರಸ್ತೆ ಒಳಕ್ಕೆ ಬಾಗುವ ತಿರುವುಗಳಲ್ಲಿ. ಬೆಟ್ಟದಿಂದ ನಾಲೆಗಳು ಇಳಿದುಬರುವ ಕಡೆಯೆಲ್ಲ ರಸ್ತೆ ಆ ಮಡಿಲಿಗೆ ಹೊಕ್ಕು ಹೊರಬರುತ್ತದೆ. ನೀರು ರಸ್ತೆ ದಾಟುವುದು ಅಲ್ಲೇ, ಬಿಸಿಲು ಬೀಳದಿರುವುದೂ ಅಲ್ಲೇ. ಹಗಲು ಕರಗಿ ಹರಿದ ನೀರು ರಾತ್ರಿ ಹಾಳೆಯಾಗಿ ಹೆಪ್ಪುಗಟ್ಟಿ, ಮಧ್ಯಾಹ್ನದವರೆಗೂ ಹಾಗೇ ಮಲಗಿರುತ್ತದೆ. ಸವಾರರು ಬ್ಲ್ಯಾಕ್ ಐಸ್ ಎನ್ನುವುದು ಇದನ್ನೇ. ಅದರ ಮೂಲಕ ಕೆಳಗಿನ ಕಪ್ಪು ನೆಲ ಕಾಣುವುದರಿಂದ ಒದ್ದೆ ರಸ್ತೆ ಎಂದೇ ಕಣ್ಣು ಮೋಸಹೋಗುತ್ತದೆ. ಗುರುತಿಸುವ ಉಪಾಯವೊಂದಿದೆ. ಒದ್ದೆ ರಸ್ತೆಯಲ್ಲಿ ಮುಂದಿನ ವಾಹನದ ಚಕ್ರ ನೀರು ಸಿಡಿಸುತ್ತದೆ. ಹೊಳೆಯುವ ರಸ್ತೆಯಲ್ಲಿ ಚಕ್ರದ ಹಿಂದೆ ಒಂದು ಹನಿಯೂ ಹಾರದಿದ್ದರೆ ಅದು ಮಂಜುಗಡ್ಡೆ. ಚಾಲಕರು ಟ್ರಕ್ಕಿನ ಹಿಂದೆ ಹೋಗಿ ಎಂದದ್ದರ ಬೆಲೆ ಆಗ ತಿಳಿಯಿತು.

ಮಂಜುಗಡ್ಡೆಯಲ್ಲೂ ಜಾತಿಗಳಿವೆ. ಸೊನ್ನೆಗಿಂತ ಬಹಳ ಕೆಳಗೆ, ಒಣಗಿ ಬಿಗಿದ ಗಡ್ಡೆ ಟೈರಿಗೆ ಅಷ್ಟಿಷ್ಟು ಹಿಡಿತ ಕೊಡುತ್ತದೆ. ಅತಿ ಕೆಟ್ಟದ್ದು ಸೊನ್ನೆಯ ಆಸುಪಾಸಿನದು, ಮೇಲ್ಪದರ ಆಗತಾನೆ ಕರಗಿ ನೀರಿನ ಪೊರೆ ಹೊದ್ದದ್ದು. ಬೆಳಗಿನ ಗಡ್ಡೆಗೆ ಬಿಸಿಲು ತಾಕಿದ ಮೊದಲ ಗಳಿಗೆಯೇ ಅಪಾಯದ ಗಳಿಗೆ. ಅದು ಪೂರ್ತಿ ಕರಗಿ ಕೆಸರಾಗುವವರೆಗೆ ತಡೆದುಕೊಂಡವನಿಗೆ ಲಾಭ. ಮಧ್ಯಾಹ್ನ ಮೂರರ ನಂತರ ನೆರಳು ಉದ್ದವಾಗಿ ಮತ್ತೆ ಹೆಪ್ಪುಗಟ್ಟಲು ಶುರು. ಹೀಗೆ ಕಳೆದು ಕೂಡಿದರೆ ಅಕ್ಟೋಬರ್ ಕೊನೆಯ ದಿನವೊಂದರಲ್ಲಿ ಬೈಕಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ಗಂಟೆಯ ಕಿಂಡಿ.

ಮಲೆನಾಡಿನವರಿಗೆ ಆಷಾಢದಲ್ಲಿ ಪಾಚಿಗಟ್ಟಿದ ಅಂಗಳ ದಾಟುವುದು ಹೇಗೆಂದು ಯಾರೂ ಕಲಿಸಬೇಕಿಲ್ಲ. ಓಡುವಂತಿಲ್ಲ, ಗಕ್ಕನೆ ನಿಲ್ಲುವಂತಿಲ್ಲ, ದಿಢೀರನೆ ತಿರುಗುವಂತಿಲ್ಲ. ಪಾದ ನೇರವಾಗಿ ಊರಿ, ಒಂದೇ ಹದದಲ್ಲಿ ನಡೆಯುತ್ತಾರೆ. ಬೈಕಿಗೂ ಅದೇ ನಿಯಮ. ಗಡ್ಡೆಗೆ ಹತ್ತು ಮಾರು ಮೊದಲೇ ವೇಗ ಇಳಿಸಿ, ಎರಡನೇ ಗೇರಿಗೆ ಹಾಕಿದೆ. ಮುಂದಿನ ಬ್ರೇಕಿನಿಂದ ಬೆರಳು ತೆಗೆದೆ. ಕ್ಲಚ್ ಮುಟ್ಟಲಿಲ್ಲ, ಆಕ್ಸಿಲರೇಟರ್ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಎರಡೂ ಕಾಲು ಕೆಳಗಿಳಿಸಿ, ನೆಲಕ್ಕೆ ತಾಕೀತು ತಾಕದು ಎಂಬಂತೆ ಆಚೀಚೆ ಹರಡಿದೆ. ಟ್ರಕ್ಕಿನ ಚಕ್ರಗಳು ತಿಕ್ಕಿ ನುಣುಪಾಗಿಸಿದ ಜಾಡು ಬಿಟ್ಟು, ಗುಡ್ಡದ ಕಡೆಯಲ್ಲಿ ಒರಟಾಗಿ ಉಳಿದಿದ್ದ ಹಿಮದ ಪಟ್ಟಿಯ ಮೇಲೆ ಬೈಕನ್ನು ನಡೆಸಿದೆ. ಒಂದು ಕಡೆ ಹಿಂದಿನ ಚಕ್ರ ಅರ್ಧ ಅಡಿ ಪಕ್ಕಕ್ಕೆ ಸರಿಯಿತು. ಸರಿದಾಗ ಬ್ರೇಕ್ ಹಿಡಿಯಬೇಕೆಂದು ಕೈ ತಾನಾಗಿ ಹವಣಿಸುತ್ತದೆ. ಆ ಕೈಯನ್ನು ತಡೆಯುವುದೇ ಇಲ್ಲಿನ ಇಡೀ ವಿದ್ಯೆ. ಬಿಟ್ಟರೆ ಬೈಕು ತಾನೇ ನೆಟ್ಟಗಾಗುತ್ತದೆ, ಆಗಲೂ ಆಯಿತು.

ಶೈತಾನ್ ನಾಲಾ, ಕ್ಯಾಪ್ಟನ್ ಮೋಡ್ ಎಂದೆಲ್ಲ ಹೆಸರಿಟ್ಟಿದ್ದಾರೆ ಈ ತಿರುವುಗಳಿಗೆ. ಅಂಥದೊಂದು ನಾಲೆಯ ನೆರಳಲ್ಲಿ ಗಡಿ ರಸ್ತೆ ಸಂಸ್ಥೆಯ ಕೂಲಿಯವರು ಮಂಜುಗಡ್ಡೆಯ ಮೇಲೆ ಮಣ್ಣು ಎರಚುತ್ತಿದ್ದರು. ಉಪ್ಪು ಹಾಕಿದರೆ ಗಡ್ಡೆ ಕರಗುವುದು ನಿಜ. ಚಳಿ ಮೈನಸ್ ಹತ್ತರ ಕೆಳಗಿಳಿದರೆ ಉಪ್ಪಿನ ಆಟ ನಡೆಯದು, ಆಗ ಮಣ್ಣೇ ಗತಿ. ಈ ರಸ್ತೆಗಳಲ್ಲಿ ದುಡಿಯುವ ಬಹಳಷ್ಟು ಜನ ಜಾರ್ಖಂಡ್‌ನ ದುಮ್ಕಾ ಕಡೆಯ ಸಂತಾಲರು, ಬಿಸಿಲ ನಾಡಿನವರು. ನನ್ನನ್ನು ಕಂಡು ಒಬ್ಬ ಸಲಿಕೆ ನಿಲ್ಲಿಸಿ, ಚಕ್ರ ಹಾಯಬೇಕಾದ ಗೆರೆಯುದ್ದಕ್ಕೂ ಇನ್ನೆರಡು ಬುಟ್ಟಿ ಮಣ್ಣು ಸುರಿದ. ನಾನು ದಾಟುವವರೆಗೂ ಕೆಳಬದಿಯಲ್ಲಿ ನಿಂತಿದ್ದ. ಒಂಟಿ ಸವಾರಿ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವುದರಲ್ಲಿ ಇಂಥವರ ಪಾಲನ್ನು ಕಳೆದರೆ ಉಳಿಯುವುದು ಬಹಳ ಕಡಿಮೆ.

ಕೊಡಗಿನವರು ಕಾದ ಹಿಮ

ಘಾಟಿಯ ಮೇಲೆ, ಗುಮ್ರಿಯ ಬಳಿ ಒಂದು ಯುದ್ಧ ಸ್ಮಾರಕವಿದೆ. ಬೈಕ್ ಸವಾರರು ಮುಂದಿನ ಝೀರೊ ಪಾಯಿಂಟ್‌ನಲ್ಲಿ ಮ್ಯಾಗಿ ತಿನ್ನುವ ಆತುರದಲ್ಲಿ ಅದನ್ನು ಹಾದುಹೋಗುತ್ತಾರೆ. ಕನ್ನಡಿಗರು ನಿಲ್ಲಬೇಕಾದ ಜಾಗ ಅದು.

1948ರ ಬೇಸಿಗೆಯಲ್ಲಿ ಪಾಕಿಸ್ತಾನದ ಕಡೆಯ ಪಡೆಗಳು ಜೋಜಿ ಲಾ, ದ್ರಾಸ್, ಕಾರ್ಗಿಲ್‌ಗಳನ್ನು ಹಿಡಿದುಕೊಂಡವು. ಶ್ರೀನಗರದಿಂದ ಲೇಹ್‌ಗೆ ಇದ್ದ ದಾರಿ ಕಡಿದುಹೋಯಿತು. ಕಾಶ್ಮೀರದಲ್ಲಿದ್ದ ಸೇನಾ ಡಿವಿಜನ್ನಿನ ಮುಖ್ಯಸ್ಥರು ಮಡಿಕೇರಿಯವರಾದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅದೇ ವರ್ಷದ ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಲೇಹ್‌ನ ಮರಳು ಪಟ್ಟಿಯಲ್ಲಿ ಮೊದಲ ಬಾರಿಗೆ ಡಕೋಟ ವಿಮಾನ ಇಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ಆದರೆ ಬರೀ ವಿಮಾನ ನಂಬಿ ಲೇಹ್ ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ, ಘಾಟಿ ಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನಡೆಸಿದ ದಾಳಿ ಎರಡೂ ಬದಿಯ ಬಂಡೆಗಳಿಂದ ಸುರಿದ ಗುಂಡಿನ ಮುಂದೆ ನಿಲ್ಲಲಿಲ್ಲ.

ಆಗ ತಿಮ್ಮಯ್ಯ ಟ್ಯಾಂಕ್ ತರಿಸಲು ನಿರ್ಧರಿಸಿದರು. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಫಿರಂಗಿ ಗೂಡು ಕಳಚಿ, ಗುರುತು ಸಿಗದಂತೆ ಮುಚ್ಚಿ ಜಮ್ಮು ಕಡೆಯಿಂದ ಬಾಲ್ಟಾಲ್‌ಗೆ ಸಾಗಿಸಿದರು. ಅಲ್ಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಬಂಡೆ ಸಿಡಿಸಿ, ಅಗಲ ಮಾಡಿ ಟ್ಯಾಂಕ್ ಹತ್ತುವಂತೆ ಕಡಿದವರು ಮದ್ರಾಸ್ ಸ್ಯಾಪರ್ಸ್; ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಕೇಂದ್ರವಿರುವ ಅದೇ ಎಂಜಿನಿಯರ್ ಪಡೆ. ಎಲ್ಲ ಸಿದ್ಧವಾದ ಮೇಲೂ ಹವೆ ಕೈಕೊಟ್ಟಿತು. ಹಿಮ ಸುರಿದು ದಾಳಿಯ ದಿನ ಮುಂದೆ ಮುಂದೆ ಹೋಯಿತು. ಜನರಲ್ ಕಾದರು. ನವೆಂಬರ್ 1ರಂದು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಹಿಮದ ನಡುವೆ ಘಾಟಿಗೆ ನುಗ್ಗಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ ತಾವೇ ಕೂತಿದ್ದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಎದುರಾಳಿ ಎಣಿಸಿಯೇ ಇರಲಿಲ್ಲ. ಜಗತ್ತಿನ ಯಾವ ಸೇನೆಯೂ ಅದುವರೆಗೆ ಅಲ್ಲಿಗೆ ಟ್ಯಾಂಕ್ ಹತ್ತಿಸಿರಲಿಲ್ಲ. ತಿಂಗಳು ಮುಗಿಯುವ ಮೊದಲೇ ಕಾರ್ಗಿಲ್ ಮರಳಿ ಕೈಗೆ ಬಂತು, ಲೇಹ್ ಉಳಿಯಿತು.

ಈ ಘಾಟಿಯಲ್ಲಿ ಧೈರ್ಯದ ಕಥೆಗಳಿಗೆ ಬರವಿಲ್ಲ. ಧೈರ್ಯದ ಜೊತೆಗೆ ದಾರಿ ಕಡಿಯುವ ಶ್ರಮ, ಹವೆ ತಿಳಿಯಾಗುವವರೆಗೆ ತಡೆದುಕೊಳ್ಳುವ ತಾಳ್ಮೆ ಎರಡೂ ಸೇರಿದಾಗ ಮಾತ್ರ ದಾಟಲು ಆಯಿತು ಎನ್ನುವುದನ್ನು ಮರೆಯಬಾರದು. ಜನರಲ್ ತಿಮ್ಮಯ್ಯನವರೇ ಕಾದ ಮೇಲೆ, ರಜೆ ಮುಗಿಯುತ್ತದೆಂದು ನಮಗೇಕೆ ಅವಸರ?

ಆಚೆ ಬದಿಯ ಚಳಿ

ಗುಮ್ರಿ ದಾಟಿದರೆ ರಸ್ತೆ ಹಗುರಾಗುತ್ತದೆ. ಮೀನಾಮಾರ್ಗ್‌ನ ಚೌಕಿಯಲ್ಲಿ ಹೆಸರು ಬರೆಸಿದೆ. ಮಟಾಯೆನ್, ಪಂದ್ರಾಸ್ ಹಳ್ಳಿಗಳು ಒಂದೊಂದಾಗಿ ಹಿಂದೆ ಸರಿದವು. ಮನೆಗಳ ಚಪ್ಪಟೆ ಮಾಳಿಗೆಯ ಮೇಲೆ ಹುಲ್ಲಿನ ರಾಶಿ, ಪಕ್ಕದಲ್ಲಿ ಸಗಣಿ ಬೆರಣಿಯ ಗುಡ್ಡೆ, ಎಲ್ಲವೂ ಚಳಿಗಾಲದ ದಾಸ್ತಾನು. ಇಲ್ಲಿಯ ಜನ ಶೀನಾ ಮಾತಾಡುವ ದಾರ್ದ್ ಸಮುದಾಯದವರು. ಗಾಳಿಯಲ್ಲಿ ತೇವವಿಲ್ಲ, ರಸ್ತೆ ಒಣಗಿದೆ. ಚಳಿ ಮಾತ್ರ ಕಾಶ್ಮೀರದ ಬದಿಗಿಂತ ಚೂಪು.

ಜನವಸತಿಯಿರುವ ಜಗತ್ತಿನ ಎರಡನೇ ಅತಿ ಚಳಿಯ ತಾಣ ಎಂಬ ಫಲಕದೊಂದಿಗೆ ದ್ರಾಸ್ ಸ್ವಾಗತಿಸುತ್ತದೆ. ಸೈಬೀರಿಯದ ಊರುಗಳವರು ಒಪ್ಪುತ್ತಾರೋ ಇಲ್ಲವೋ, ಚಳಿಗಾಲದಲ್ಲಿ ಪಾದರಸ ಮೈನಸ್ ಇಪ್ಪತ್ತರ ಕೆಳಗಿಳಿಯುವುದು ಇಲ್ಲಿ ಮಾಮೂಲು. ಡೀಸೆಲ್ ಮೇಣದಂತೆ ಗಟ್ಟಿಯಾಗಿ ಪೈಪಿನಲ್ಲಿ ಸಿಕ್ಕಿಕೊಳ್ಳುವುದರಿಂದ ಟ್ರಕ್ಕಿನವರು ಬೆಳಿಗ್ಗೆ ಟ್ಯಾಂಕಿನ ಕೆಳಗೆ ಸ್ಟೌ ಹಚ್ಚಿಟ್ಟು ಕಾಯಿಸುತ್ತಾರೆ. ನೋಡುವವರ ಎದೆ ನಡುಗುತ್ತದೆ, ಅವರಿಗೆ ಅದು ಹಲ್ಲುಜ್ಜಿದಷ್ಟೇ ಸಹಜ. ಪೆಟ್ರೋಲ್ ಬೈಕಿಗೆ ಈ ಗೋಳಿಲ್ಲ. ಅದರ ಸಂಕಟ ಬ್ಯಾಟರಿ. ಚಳಿಯಲ್ಲಿ ಅರ್ಧ ಶಕ್ತಿ ಕಳೆದುಕೊಂಡು ಬೆಳಿಗ್ಗೆ ಗೊರಗೊರ ಎಂದು ಸುಮ್ಮನಾಗುತ್ತದೆ. ರಾತ್ರಿ ಗೋಡೆಯ ಮರೆಯಲ್ಲಿ ನಿಲ್ಲಿಸಿ ಹೊದಿಕೆ ಹಾಕುವುದು, ಬಿಸಿಲು ಬಿದ್ದ ಮೇಲೆ ಸೆಲ್ಫ್ ಒತ್ತುವುದು ಸುಲಭದ ಪರಿಹಾರ. ಕೋಣೆಯೊಳಗೆ ತಗಡಿನ ಒಲೆ, ಬುಖಾರಿ ಉರಿಯುತ್ತಿದ್ದರೆ ಕಿಟಕಿಯ ಒಂದು ಸೀಳು ತೆರೆದಿಟ್ಟೇ ಮಲಗಬೇಕು. ಮುಚ್ಚಿದ ಕೋಣೆಯ ಹೊಗೆ ಜೀವ ತೆಗೆಯಬಲ್ಲದು.

ತೋಲೋಲಿಂಗ್ ಬೆಟ್ಟದ ಬುಡದಲ್ಲಿರುವ ಕಾರ್ಗಿಲ್ ಯುದ್ಧ ಸ್ಮಾರಕದ ಹೊರಗೆ ಬೈಕ್ ನಿಲ್ಲಿಸುತ್ತಿದ್ದಾಗ ಯೋಧರೊಬ್ಬರು ಓಡೋಡಿ ಬಂದರು. ‘ಕೆಎ ನಂಬರ್ ಕಂಡ್ತು ನೋಡ್ರಿ, ಅದಕ್ಕ ಬಂದೆ. ಯಾವೂರ್ರೀ ಸರ ನಿಮ್ದು?’ ಬೆಳಗಾವಿ ಕಡೆಯ ಮಾತು. ಹೇಳಿದೆ. ‘ಒಬ್ರ ಬಂದೀರೇನ್ರಿ? 1999ರಾಗ ಇಲ್ಲಿ ನಮ್ಮವ್ರು ಯಾರೂ ಒಬ್ಬೊಬ್ರ ಹತ್ತಿಲ್ರಿ. ಜೋಡಿ ಇರ್ಬೇಕ್ರಿ ಈ ಗುಡ್ಡದಾಗ.’ ಬೈಗುಳವೋ ಕಾಳಜಿಯೋ ಎಂದು ತಿಳಿಯುವ ಮೊದಲೇ ನನ್ನ ಕೈಗೆ ಬಿಸಿ ಚಹಾದ ಲೋಟ ಇಟ್ಟಿದ್ದರು.

ಒಬ್ಬರೇ ಹೋಗುವವರಿಗೆ

ಆ ಯೋಧರ ಮಾತಿನಲ್ಲಿ ಹುರುಳಿದೆ. ಮಂಜುಗಡ್ಡೆಯ ಮೇಲೆ ಬಿದ್ದ 200 ಕಿಲೊ ಬೈಕನ್ನು ಒಬ್ಬರೇ ಎತ್ತುವುದು ಬಲದ ಪ್ರಶ್ನೆಯಲ್ಲ. ಎತ್ತುವವನ ಕಾಲೇ ನಿಲ್ಲುವುದಿಲ್ಲ. ಸಾಮಾನು ಬಿಚ್ಚಿ, ಬೈಕನ್ನು ಒರಟು ನೆಲದವರೆಗೆ ಎಳೆದು, ಸೀಟಿಗೆ ಬೆನ್ನು ಕೊಟ್ಟು ಮೊಣಕಾಲಿನ ಬಲದಿಂದ ಎತ್ತಬೇಕು. ಅಷ್ಟರಲ್ಲಿ ಬೆರಳು ಮರಗಟ್ಟಿರುತ್ತದೆ. ಹಿಂದೆ ಬರುವ ವಾಹನ ಕಾಣದಿದ್ದರೆ ನೆರಳಿನ ತಿರುವಿಗೆ ಇಳಿಯಬಾರದೆಂಬುದು ಒಂಟಿ ಸವಾರನ ಮೊದಲ ನಿಯಮ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ನಂಬಿ ಹೋಗಬಾರದು, ಪೋಸ್ಟ್‌ಪೇಯ್ಡ್ ಇರಲಿ. ಅದಕ್ಕೂ ಘಾಟಿಯ ಮೇಲೆ ಎಲ್ಲೆಡೆ ಸಿಗ್ನಲ್ ಸಿಗದು. ಎಲ್ಲಿ ಹೊರಟೆ, ಎಷ್ಟು ಹೊತ್ತಿಗೆ ಎಲ್ಲಿ ತಲುಪಬೇಕು ಎಂಬುದನ್ನು ಈ ಬದಿಯ ಒಬ್ಬರಿಗೆ, ಆ ಬದಿಯ ಒಬ್ಬರಿಗೆ ತಿಳಿಸಿ ಹೊರಡುವುದು ಎರಡನೇ ನಿಯಮ. ಮೂರನೆಯದು, ಪೊಲೀಸರು ತಡೆದರೆ ಅಡ್ಡದಾರಿ ಹುಡುಕದಿರುವುದು.

ಘಾಟಿಯೂ ಬದಲಾಗುತ್ತಿದೆ. ಕಾಶ್ಮೀರದ ಕಡೆಯಿಂದ ಗಡಿ ರಸ್ತೆ ಸಂಸ್ಥೆಯ ಬೀಕನ್ ಯೋಜನೆ, ಲಡಾಖ್ ಕಡೆಯಿಂದ ವಿಜಯಕ್ ಯೋಜನೆ ಹಿಮ ಕಡಿಯುತ್ತ ಬಂದು ನಡುವೆ ಸಂಧಿಸುತ್ತವೆ. ಅವರ ಯಂತ್ರಗಳು, ದುಡಿಮೆ ಎರಡೂ ಹೆಚ್ಚಿ, ರಸ್ತೆ ಮುಚ್ಚುವ ದಿನಗಳು ಕಡಿಮೆಯಾಗಿವೆ. 2023ರಲ್ಲಿ 68 ದಿನ, 2024ರಲ್ಲಿ 35 ದಿನ, 2025ರಲ್ಲಿ 32 ದಿನ ಮಾತ್ರ ಘಾಟಿ ಮುಚ್ಚಿತ್ತು. ಆ ವರ್ಷ ಏಪ್ರಿಲ್ 1ಕ್ಕೇ ದಾರಿ ತೆರೆಯಿತು. ಕೆಳಗೆ, ಬಾಲ್ಟಾಲ್‌ನಿಂದ ಮೀನಾಮಾರ್ಗ್‌ವರೆಗೆ 13 ಕಿಲೊಮೀಟರಿಗೂ ಉದ್ದದ ಸುರಂಗ ಕೊರೆಯುವ ಕೆಲಸ 2020ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಅದು ಮುಗಿದರೆ ಗಂಟೆಗಟ್ಟಲೆಯ ಈ ಏರು ಇಪ್ಪತ್ತು ನಿಮಿಷದ ಪಯಣವಾಗುತ್ತದೆ. ದ್ರಾಸ್‌ನ ಬಸುರಿ ಹೆಂಗಸು, ಕಾರ್ಗಿಲ್‌ನ ರೋಗಿ, ಲೇಹ್‌ನ ತರಕಾರಿ ಅಂಗಡಿಯವನು ಚಳಿಗಾಲದಲ್ಲಿ ವಿಮಾನದ ದಾರಿ ಕಾಯುವುದು ತಪ್ಪುತ್ತದೆ. ಬೈಕ್ ಸವಾರರಿಗೆ ಒಂದು ಸಾಹಸ ಕಡಿಮೆಯಾಯಿತೆಂದು ಯಾರೂ ಕೊರಗಬೇಕಿಲ್ಲ. ರಸ್ತೆ ಮೊದಲು ಅಲ್ಲಿ ಬದುಕುವವರದು.

ಸುರಂಗ ಮುಗಿಯುವ ಮೊದಲು ಒಮ್ಮೆ ಹಳೆಯ ದಾರಿಯಲ್ಲಿ ದಾಟಿ ನೋಡಬೇಕೆಂಬ ಆಸೆಯಿದ್ದವರು ಬೇಸಿಗೆಯಲ್ಲೇ ಹೋಗಿ. ಹಿಮದ ತಿಂಗಳನ್ನೇ ಆರಿಸಿಕೊಂಡರೆ ದುಬಾರಿ ಜಾಕೆಟ್ಟಿಗೆ ಮುಂಚೆ ರಜೆಯ ಅರ್ಜಿಯನ್ನು ಸರಿಮಾಡಿಕೊಳ್ಳಿ. ಬೇಕೆನಿಸಿದ್ದಕ್ಕಿಂತ ಮೂರು ದಿನ ಹೆಚ್ಚು ಬರೆಯಿರಿ. ಆ ಮೂರು ದಿನ ಸೋನಮಾರ್ಗ್‌ನಲ್ಲಿ ಚಹಾ ಕುಡಿಯುತ್ತ ಕಳೆದುಹೋದರೂ ನಷ್ಟವಿಲ್ಲ.